‘ಎಂಚಿನ ಉಪದ್ರ?’: ಕಾಸರಗೋಡಿನ ಒಂದು ಕನ್ನಡ ಶಾಲೆಯಲ್ಲಿ ನಡೆದದ್ದು

ನಮ್ಮ ಕಡೆ ‘ಉಪದ್ರ’ ಅನ್ನುವ ಪದಕ್ಕೆ ಬಿಡುವೇ ಇಲ್ಲ. ತೋಟದಲ್ಲಿ ಹಂದಿಯ ಉಪದ್ರ, ಸಂಜೆಯಾದರೆ ನುಸಿಯ ಉಪದ್ರ, ಮಳೆಗಾಲದಲ್ಲಿ ಕರೆಂಟಿನ ಉಪದ್ರ. ಕ್ಲಾಸಿನಲ್ಲಂತೂ ದಿನಕ್ಕೆ ಇಪ್ಪತ್ತು ಸಲ ‘ಟೀಚರ್, ಇವ ಉಪದ್ರ ಕೊಡ್ತಾನೆ’ ಅಂತ ದೂರು ಬರುತ್ತದೆ. ತಿರುಗಿಯೂ ನೋಡದೆ ‘ಸುಮ್ನೆ ಕೂತ್ಕೊಳ್ಳಿ’ ಅಂದು ಬೋರ್ಡಿನ ಮೇಲೆ ಬರೆಯುತ್ತಾ ಹೋಗುವುದು ನನಗೆ ಅಭ್ಯಾಸ. ಆ ಅಭ್ಯಾಸದಿಂದಲೇ ಒಂದು ಮಗು ಹೇಳಿದ್ದು ಎಂಟು ದಿನ ನನ್ನ ತಲೆಗೆ ಹೋಗಲಿಲ್ಲ.

ನಾನು ಪಾಠ ಮಾಡುವುದು ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಎಯ್ಡೆಡ್ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ, ಕನ್ನಡ ಮೀಡಿಯಂ. ಊರಿನ ಹೆಸರು ಬೇಡ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾನೂನಿನ 23ನೇ ಸೆಕ್ಷನ್ ಮಗುವಿನ ಹೆಸರು, ವಿಳಾಸ, ಫೋಟೋ ಮಾತ್ರ ಅಲ್ಲ, ಮನೆಯವರ ವಿವರ, ಶಾಲೆ, ನೆರೆಕರೆ ಯಾವುದೂ ಹೊರಬರಬಾರದು ಅನ್ನುತ್ತದೆ. ಅದಕ್ಕೆ ಕೆಲವು ವಿವರ ಬದಲಿಸಿದ್ದೇನೆ. ಮಾತುಗಳನ್ನು ಮಾತ್ರ ಬದಲಿಸಿಲ್ಲ, ಯಾಕೆಂದರೆ ಇಡೀ ಪ್ರಕರಣ ಇರುವುದೇ ಮಾತಿನಲ್ಲಿ.

ಮಗು ಮೂರನೇ ಕ್ಲಾಸ್, ಎಂಟು ವರ್ಷ. ಮನೆಮಾತು ತುಳು. ಪಾಠ ಕನ್ನಡ. ಪಂಚಾಯತಿನಲ್ಲಿ, ಆಸ್ಪತ್ರೆಯಲ್ಲಿ, ಸ್ಟೇಷನ್ನಿನಲ್ಲಿ ಮಲಯಾಳಂ. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಅಂತ ವೇದಿಕೆಯಲ್ಲಿ ಹೊಗಳುತ್ತಾರಲ್ಲ, ಎಂಟು ವರ್ಷದ ಮಗುವಿಗೆ ದೂರು ಕೊಡುವ ಹೊತ್ತು ಬಂದಾಗ ಅಷ್ಟೂ ಭಾಷೆಗಳ ನಡುವೆ ಯಾವುದರಲ್ಲಿ ಹೇಳುವುದು ಅಂತಲೇ ಗೊತ್ತಾಗುವುದಿಲ್ಲ.

ಮಕ್ಕಳ ರಕ್ಷಣೆಯ ಪಾಲಿಸಿ ನಮ್ಮಲ್ಲಿ ಇರಲಿಲ್ಲ ಅಂತ ಅಲ್ಲ. ಆಫೀಸಿನ ಬೀರುವಿನಲ್ಲಿ ದಪ್ಪ ಫೈಲ್ ಇದೆ. ರಜೆಯ ಟ್ರೈನಿಂಗಿನಲ್ಲಿ ಪೋಕ್ಸೋ ಬಗ್ಗೆ ಒಂದು ಕ್ಲಾಸ್ ಆಗಿದೆ, ಮಧ್ಯಾಹ್ನ ಊಟದ ನಂತರ, ನಿದ್ದೆಯ ಹೊತ್ತಿಗೆ. ವರಾಂಡದಲ್ಲಿ ಮಕ್ಕಳ ಸಹಾಯವಾಣಿ 1098ರ ಪೋಸ್ಟರ್ ಇದೆ, ಮಲಯಾಳಂನಲ್ಲಿ. ದೂರು ಪೆಟ್ಟಿಗೆಯೂ ಇದೆ. ಅದರ ಕೀ ಯಾರ ಹತ್ತಿರ ಅಂತ ಆ ಜುಲೈವರೆಗೆ ನನಗೆ ಗೊತ್ತಿರಲಿಲ್ಲ. ಕೊನೆಗೆ ತೆಗೆದಾಗ ಒಳಗೆ ಸಿಕ್ಕಿದ್ದು ಎರಡು ಚಾಕಲೇಟ್ ಕಾಗದ ಮತ್ತು ಹಲ್ಲಿಯ ಮೊಟ್ಟೆ.

ಈಗ ನಡೆದದ್ದಕ್ಕೆ ಬರುತ್ತೇನೆ. ಆಟಿಯ ಮಳೆ. ಹುಡುಗಿ ಮೂರು ದಿನ ಸಾಲಾಗಿ ತಡವಾಗಿ ಬಂದಳು. ಮೊಣಕಾಲಿನವರೆಗೆ ಕೆಂಪು ಕೆಸರು, ಬ್ಯಾಗಿನ ಒಂದು ಬದಿ ಪೂರ್ತಿ ಒದ್ದೆ. ಅವಳು ಬರುವುದು ಆಟೋದಲ್ಲಿ, ಏಳೆಂಟು ಮಕ್ಕಳ ಜೊತೆ, ಮನೆಯವರೇ ಸೇರಿ ತಿಂಗಳ ಲೆಕ್ಕಕ್ಕೆ ಗೊತ್ತು ಮಾಡಿದ ಆಟೋ. ‘ಯಾಕೆ ನಡ್ಕೊಂಡು ಬಂದೆ, ಆಟೋ ಇರ್ಲಿಲ್ವಾ?’ ಅಂತ ಕೇಳಿದೆ. ‘ಮಾಮ ಉಪದ್ರ ಕೊಡ್ತಾರೆ ಟೀಚರ್’ ಅಂದಳು. ಆಟೋದವರು ಮಕ್ಕಳನ್ನು ತಮಾಷೆ ಮಾಡುವುದು, ಅಡ್ಡಹೆಸರಿಟ್ಟು ಕರೆಯುವುದು ಎಲ್ಲ ಇದ್ದದ್ದೇ ಅಲ್ವಾ, ಹಾಗೇ ಅಂದುಕೊಂಡೆ. ‘ನಾಳೆಯಿಂದ ಸರಿಯಾದ ಟೈಮಿಗೆ ಬಾ’ ಅಂದು ಡೈರಿಯಲ್ಲಿ ‘ತಡವಾಗಿ ಬರುತ್ತಾಳೆ, ಗಮನಿಸಿ’ ಅಂತ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದೆ. ಆ ಕೆಂಪು ಸಾಲು ಈಗಲೂ ಆ ಡೈರಿಯಲ್ಲಿದೆ. ಮರುದಿನದಿಂದ ಅವಳು ಟೈಮಿಗೆ ಬಂದಳು. ಅಂದರೆ ಮತ್ತೆ ಆಟೋದಲ್ಲಿ. ಡೈರಿ ನೋಡಿ ಅಮ್ಮ ಬೈದು ಹತ್ತಿಸಿದ್ದರು.

ಎಂಟನೇ ದಿನ ಮೊಟ್ಟೆಯ ದಿನ. ಮಧ್ಯಾಹ್ನದೂಟಕ್ಕೆ ನಮ್ಮಲ್ಲಿ ವಾರಕ್ಕೊಂದು ಸಲ ಮೊಟ್ಟೆ, ಎರಡು ಸಲ ಹಾಲು. ಮೊಟ್ಟೆ ಅಂದರೆ ಜೀವ ಬಿಡುವ ಹುಡುಗಿ ಬೇಡ ಅಂದಳಂತೆ. ಅಡುಗೆಯ ಅಕ್ಕನಿಗೆ ಸಂಶಯ ಬಂತು. ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಕೂರಿಸಿಕೊಂಡು ತುಳುವಿನಲ್ಲಿ ಏನಾಯಿತು ಅಂತ ವಿಚಾರಿಸಿದರು. ಮಗು ಹೇಳಿದ್ದು ಇಷ್ಟು: ‘ಎಂಕ್ ದುಂಬು ಕುಲ್ಲರೆ ಬೊಡ್ಚಿ. ಮಾಮ ಟಾರ್ಪಲ್ ಪಾಡ್ದ್ ಉಪದ್ರ ಕೊರ್ಪೆರ್.’ ನನಗೆ ಮುಂದೆ ಕೂರುವುದು ಬೇಡ, ಮಾಮ ಟಾರ್ಪಲ್ ಹಾಕಿ ಉಪದ್ರ ಕೊಡ್ತಾರೆ ಅಂತ.

ಅಕ್ಕ ಕೇಳಿದ್ದು ಎರಡೇ ಪದ. ‘ಎಂಚಿನ ಉಪದ್ರ?’ ಎಂಥ ಉಪದ್ರ?

ಮಗು ಮಾತಾಡಲಿಲ್ಲ. ಯೂನಿಫಾರ್ಮಿನ ಮೇಲೆ ಕೈಯಿಟ್ಟು ತೋರಿಸಿತು.

ಡಿ.ಎಡ್. ಮಾಡಿ, ಟ್ರೈನಿಂಗಿಗೆ ಹೋಗಿ, ಸರ್ಟಿಫಿಕೇಟ್ ತಂದ ನಾನು ಎಂಟು ದಿನದಲ್ಲಿ ಕೇಳದ ಪ್ರಶ್ನೆ ಅದು. ಆ ಅಕ್ಕನನ್ನು ಯಾರೂ ಯಾವ ಟ್ರೈನಿಂಗಿಗೂ ಕರೆದಿರಲಿಲ್ಲ. ಅವರು ಸೆರಗಿಗೆ ಕೈ ಒರೆಸಿಕೊಂಡು ಸೀದಾ ನನ್ನ ಕ್ಲಾಸಿನ ಬಾಗಿಲಿಗೆ ಬಂದು, ‘ಟೀಚರೇ, ಸ್ವಲ್ಪ ಹೊರಗೆ ಬನ್ನಿ’ ಅಂದರು.

ನಾನು ಮಗುವಿನ ಹತ್ತಿರ ಹೋಗಿ ಕೂತೆ. ಟ್ರೈನಿಂಗಿನಲ್ಲಿ ಹೇಳಿದ್ದರಲ್ಲಿ ಒಂದು ಮಾತು ಮಾತ್ರ ನೆನಪಿತ್ತು: ನಾವು ತನಿಖೆ ಮಾಡುವವರಲ್ಲ. ಹಾಗಾಗಿ ಎಲ್ಲಿ, ಎಷ್ಟು ಸಲ, ಮತ್ತೇನು ಮಾಡಿದ ಅಂತ ಕೆದಕಲಿಲ್ಲ. ‘ನೀನು ಅಕ್ಕನಿಗೆ ಹೇಳಿದ್ದು ಒಳ್ಳೇದಾಯ್ತು. ನಿನ್ನದೇನೂ ತಪ್ಪಿಲ್ಲ’ ಅಂದೆ. ‘ಅಮ್ಮನಿಗೆ ಹೇಳ್ಬೇಡಿ ಟೀಚರ್’ ಅಂದಳು. ಇಲ್ಲಿ ಬಾಯಿ ತಪ್ಪಿ ‘ಆಯ್ತು’ ಅಂದುಬಿಡುವವರೇ ಜಾಸ್ತಿ. ಅನ್ನಬಾರದು. ಗುಟ್ಟು ಉಳಿಸುವ ಮಾತು ಕೊಟ್ಟರೆ ಸಂಜೆಯೊಳಗೆ ಅದನ್ನು ಮುರಿಯಲೇಬೇಕಾಗುತ್ತದೆ. ‘ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೇನೆ. ಅಮ್ಮ ಬೈಯದ ಹಾಗೆ ನಾನು ನೋಡ್ಕೊಳ್ತೇನೆ’ ಅಂದೆ. ಅದಕ್ಕವಳು ತಲೆಯಾಡಿಸಿದಳು.

ಹೆಡ್ಮಾಷ್ಟ್ರ ರೂಮಿನಲ್ಲಿ ಮುಂದಿನ ಒಂದು ಗಂಟೆ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪಾಲಿಸಿಗೆ ನಿಜವಾಗಿ ಪೆಟ್ಟು ಬೀಳುವುದು ಇಂಥ ರೂಮುಗಳಲ್ಲೇ. ಅಲ್ಲಿದ್ದ ಯಾರೂ ಕೆಟ್ಟವರಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಮೊದಲ ಮಾತು, ‘ಅದು ಶಾಲೆಯ ವಾಹನ ಅಲ್ವಲ್ಲ ಟೀಚರ್. ಮನೆಯವರು ಗೊತ್ತು ಮಾಡಿದ್ದು. ನಮಗೆಂತ ಸಂಬಂಧ?’ ಎರಡನೇ ಮಾತು, ‘ಬಟ್ಟೆಯ ಮೇಲಿಂದ ತಾನೆ, ಇಷ್ಟಕ್ಕೆ ಪೊಲೀಸಾ?’ ಮೂರನೆಯದು ಒಬ್ಬ ಹಿರಿಯ ಟೀಚರದ್ದು, ‘ಅದು ಅವನನ್ನು ಮರ್ಯಾದೆಯಿಂದ ಮಾಮ ಅಂತ ಹೇಳ್ತದೆ, ಕೊರ್ಪೆರ್ ಅಂತ ಬಹುವಚನ. ಏನಾದ್ರೂ ಆಗಿದ್ರೆ ಹಾಗೆ ಹೇಳ್ತದಾ?’ ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೊರಗಿನವರಿಗೆ ಅದು ಗೊತ್ತಾಗುವುದೂ ಇಲ್ಲ. ಕೇರಳದಲ್ಲಿ ಜೂನ್ ತಿಂಗಳ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಡಿವಿಷನ್, ಡಿವಿಷನ್ ಮೇಲೆ ಪೋಸ್ಟ್. ಕನ್ನಡ ಮೀಡಿಯಂಗೆ ಮಕ್ಕಳನ್ನು ತರಲು ಏಪ್ರಿಲ್, ಮೇ ಬಿಸಿಲಿನಲ್ಲಿ ಮನೆಮನೆ ಹತ್ತಿ ಇಳಿಯುವವರು ನಾವೇ. ‘ಆ ಶಾಲೆಯಲ್ಲಿ ಕೇಸಾಯ್ತಂತೆ’ ಅಂತ ಸುದ್ದಿ ಹಬ್ಬಿ ನಾಲ್ಕು ಮಕ್ಕಳು ಟಿ.ಸಿ. ತಗೊಂಡರೆ ಮುಂದಿನ ವರ್ಷ ಒಬ್ಬರ ಕೆಲಸ ಹೋಗುತ್ತದೆ. ಹೋಗುವುದು ಕೊನೆಗೆ ಸೇರಿದವರದ್ದು, ಅಂದರೆ ನನ್ನದೇ. ನನಗೂ ಹೆದರಿಕೆ ಇತ್ತು. ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಉತ್ತರಗಳನ್ನು ನಾನು ಅಲ್ಲೇ ಪಟಪಟ ಹೇಳಿದೆ ಅಂತ ತಿಳಿಯಬೇಡಿ. ಬೀರುವಿನ ಫೈಲ್ ತೆಗೆಸಿ ಎಲ್ಲರೂ ಕೂತು ಓದಿದೆವು, ಅಷ್ಟು ವರ್ಷದಲ್ಲಿ ಮೊದಲ ಸಲ. 19ನೇ ಸೆಕ್ಷನ್ ‘ಯಾವುದೇ ವ್ಯಕ್ತಿ’ ಅನ್ನುತ್ತದೆ. ವಾಹನ ಶಾಲೆಯದ್ದಾ, ಮನೆಯವರು ಗೊತ್ತು ಮಾಡಿದ್ದಾ ಅನ್ನುವ ಪ್ರಶ್ನೆಯೇ ಅಲ್ಲಿಲ್ಲ. ಅಪರಾಧ ಆಗಿದೆ ಅಂತ ತಿಳಿದರೂ, ಆಗಬಹುದು ಅನ್ನುವ ಆತಂಕವಿದ್ದರೂ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಹೇಳಲೇಬೇಕು. ಸಾಕ್ಷಿ ಕೂಡಿಸುವುದು ನಮ್ಮ ಕೆಲಸ ಅಲ್ಲ. ಒಳ್ಳೆಯ ಮನಸ್ಸಿನಿಂದ ಹೇಳಿದವರ ಮೇಲೆ ಕೇಸ್ ಬರುವುದಿಲ್ಲ ಅಂತಲೂ ಅದೇ ಸೆಕ್ಷನ್ನಿನಲ್ಲಿದೆ. ಹೇಳದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಒಂದು ಶಾಲಾ ಹಾಸ್ಟೆಲ್ ಪ್ರಕರಣದಲ್ಲಿ ಗೊತ್ತಿದ್ದೂ ಹೇಳದಿರುವುದು ಗಂಭೀರ ಅಪರಾಧ ಅಂತ ಸುಪ್ರೀಂ ಕೋರ್ಟ್ 2022ರ ನವೆಂಬರಿನಲ್ಲಿ ಹೇಳಿದೆ. ಬಟ್ಟೆಯ ಮೇಲಿಂದ ಅನ್ನುವ ಮಾತಿಗೂ ಅದೇ ಕೋರ್ಟು 2021ರ ನವೆಂಬರಿನಲ್ಲೇ ಉತ್ತರ ಕೊಟ್ಟಾಗಿದೆ: ನೋಡಬೇಕಾದದ್ದು ಮುಟ್ಟಿದವನ ಉದ್ದೇಶ, ಚರ್ಮಕ್ಕೆ ಚರ್ಮ ತಾಗಿತಾ ಅನ್ನುವುದಲ್ಲ. ಮಗುವಿಗೆ 12 ತುಂಬಿಲ್ಲದಿದ್ದರೆ ಇನ್ನೂ ಬಿಗಿ, ಐದರಿಂದ ಏಳು ವರ್ಷ ಜೈಲು.

ಮರ್ಯಾದೆಯ ಬಹುವಚನಕ್ಕೆ ಮಾತ್ರ ಯಾವ ಸೆಕ್ಷನ್ನಿನಲ್ಲೂ ಉತ್ತರ ಇರಲಿಲ್ಲ. ಅದಕ್ಕೆ ಉತ್ತರ ಕೊಟ್ಟದ್ದು ಅಡುಗೆಯ ಅಕ್ಕ, ಬಾಗಿಲಲ್ಲಿ ನಿಂತು: ‘ದೊಡ್ಡವರನ್ನು ಹಾಗೆ ಕರೀಬೇಕು ಅಂತ ನಾವೇ ಅಲ್ವಾ ಟೀಚರೇ ಕಲಿಸಿದ್ದು?’

ಆಮೇಲೆ ಹೆಡ್ಮಾಷ್ಟ್ರು ಕನ್ನಡಕ ತೆಗೆದಿಟ್ಟು, ‘ಬರೀರಿ’ ಅಂದರು.

ಬರೆಯುವುದಕ್ಕೆ ಕೂತಾಗ ಮತ್ತೆ ಅದೇ ಪದ ಸಿಕ್ಕಿಕೊಂಡಿತು. ಮಲಯಾಳಂನಲ್ಲಿ ಬರೆದರೆ ಕೆಲಸ ಬೇಗ ಆಗುತ್ತದೆ ಅಂತ ಮಲಯಾಳಂ ಚೆನ್ನಾಗಿ ಬರುವ ಒಬ್ಬರು ಪೆನ್ ಹಿಡಿದರು. ‘ಉಪದ್ರ’ ಇದ್ದಲ್ಲಿ ‘ಪೀಡನಂ’ ಅಂತ ಬರೆದರು. ಮಲಯಾಳಂ ಪೇಪರ್ ಓದುವವರಿಗೆ ಗೊತ್ತು, ಆ ಪದ ಅತ್ಯಾಚಾರದವರೆಗೂ ಹೋಗುತ್ತದೆ. ಮಗು ಹೇಳಿದ್ದು ಅಷ್ಟಲ್ಲ. ನಾನು ಕೇಳಿಸಿಕೊಂಡಾಗ ಸಾಸಿವೆಯಷ್ಟಿದ್ದ ಮಾತು ಕಾಗದಕ್ಕೆ ಬರುವಾಗ ಬೆಟ್ಟವಾಗಿತ್ತು. ಎರಡೂ ಅಪಾಯವೇ. ನಾಳೆ ಕೋರ್ಟಿನಲ್ಲಿ ಆ ಕಡೆಯ ವಕೀಲರು ‘ಕಾಗದದಲ್ಲಿ ಇದಿದೆ, ನೀನು ಅದನ್ನು ಹೇಳಲೇ ಇಲ್ಲ’ ಅಂತ ಕೇಳಿದರೆ ಸುಳ್ಳುಗಾರ್ತಿ ಆಗುವುದು ಮಗು.

ಹಾಗಾಗಿ ಆ ಕಾಗದ ಹರಿದೆವು. ಮಗು ಹೇಳಿದ ತುಳು ಮಾತನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದೆ. ಯಾರಿಗೆ ಹೇಳಿದ್ದು, ಯಾವ ತಾರೀಕು, ಎಷ್ಟು ಗಂಟೆಗೆ, ಎಲ್ಲಿ ಕೂತಿದ್ದಳು, ಕೈಯಲ್ಲಿ ಏನು ತೋರಿಸಿದಳು. ಕೆಳಗೆ ಅಕ್ಕನ ಸಹಿ. ಬೇರೆ ಹಾಳೆಯಲ್ಲಿ ನಾನು ಕಂಡದ್ದು: ಮೂರು ದಿನ ನಡೆದು ಬಂದದ್ದು, ನಾನು ಡೈರಿಯಲ್ಲಿ ಬರೆದದ್ದು. ಆ ಎರಡನೇ ಹಾಳೆ ಬರೆಯುವಾಗ ನಾಚಿಕೆಯಾಯಿತು. ನನ್ನ ಅಂದಾಜು, ಅನುಮಾನ ಎಲ್ಲೂ ಹಾಕಲಿಲ್ಲ. ಮುಖ್ಯ ದೂರು ಕನ್ನಡದಲ್ಲಿ. ಇಲ್ಲಿನ ಕನ್ನಡಿಗರು ತಮ್ಮ ಪ್ರದೇಶದ ಸರ್ಕಾರಿ ಆಫೀಸುಗಳಿಗೆ ಕನ್ನಡದಲ್ಲೇ ಬರೆಯಬಹುದು ಅಂತ 1969ರ ಕೇರಳದ ಅಧಿಕೃತ ಭಾಷಾ ಕಾನೂನಿನಲ್ಲೇ ಇದೆ. ಮೇಲೊಂದು ಸಣ್ಣ ಮಲಯಾಳಂ ಪತ್ರ, ಒಳಗೇನಿದೆ ಅಂತ ತಿಳಿಸಲು ಮಾತ್ರ.

1098ಕ್ಕೂ ಫೋನ್ ಮಾಡಿದೆ. ನನ್ನದು ಬಸ್ಸಿನ, ಅಂಗಡಿಯ ಮಲಯಾಳಂ. ‘ಒರು ಕುಟ್ಟಿ’ (ಒಂದು ಮಗು) ಅಂತ ಶುರು ಮಾಡಿ ಮುಂದೆ ಪದ ಸಿಗದೆ ನಿಂತೆ. ಆ ಕಡೆಯವರು ತಾಳ್ಮೆಯಿಂದ ಕೇಳಿದರು. ಆಗ ಹೊಳೆಯಿತು, ನನಗೇ ಹೀಗಾದರೆ ವರಾಂಡದ ಆ ಪೋಸ್ಟರ್ ನೋಡಿ ಯಾವ ಮಗು ಫೋನ್ ಮಾಡೀತು?

ಅಮ್ಮನಿಗೆ ಹೇಳಲು ನಾನು ಮತ್ತು ಅಕ್ಕ ಹೋದೆವು. ಫೋನಿನಲ್ಲಿ ಹೇಳುವ ವಿಷಯ ಅಲ್ಲ. ಅವರು ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ. ಎಲೆ, ಹೊಗೆಸೊಪ್ಪು, ನೂಲು, ಎಲೆ, ಹೊಗೆಸೊಪ್ಪು, ನೂಲು. ಆಮೇಲೆ ಹೇಳಿದ್ದು ಒಂದೇ ಮಾತು, ‘ನಾನೇ ಬೈದು ಹತ್ತಿಸಿದೆ ಟೀಚರೇ.’ ಅಪ್ಪ ಮಂಗಳೂರಿನಲ್ಲಿ ಹೋಟೆಲ್ ಕೆಲಸ, ರಾತ್ರಿಯೇ ಹೊರಟು ಬಂದರು. ಆಟೋದವನು ನೆರೆಮನೆಯವನೇ, ಮದುವೆ ಮುಂಜಿಗೆ ಹೋಗಿ ಬರುವಷ್ಟು ಗುರ್ತ. ‘ಕೇಸ್ ಬೇಡ, ಪಂಚಾಯತಿನ ಜಾಗ್ರತಾ ಸಮಿತಿಯಲ್ಲಿ ಮಾತಾಡಿ ಮುಗಿಸುವ’ ಅಂತ ನೆಂಟರು ಹೇಳಿದರು. ಸಮಿತಿ ಇರುವುದು ಸಹಾಯ ಮಾಡುವುದಕ್ಕೆ, ಇಂಥದ್ದನ್ನು ಮಾತಾಡಿ ಮುಗಿಸುವುದಕ್ಕಲ್ಲ. ಮನೆಯವರು ಬೇಡ ಅಂದರೂ ಹೇಳಬೇಕಾದ ಜವಾಬ್ದಾರಿ ನನ್ನ ತಲೆಯಿಂದ ಇಳಿಯುವುದಿಲ್ಲ ಅಂತ ಬಿಡಿಸಿ ಹೇಳಿದೆ. ಹೇಳುವಾಗ ಸ್ವರ ನಡುಗಿತು. ದೂರು ಅಷ್ಟರಲ್ಲಿ ಹೋಗಿಯೂ ಆಗಿತ್ತು.

ಇಷ್ಟರ ನಡುವೆ ನಮ್ಮಿಂದ ಎರಡು ದೊಡ್ಡ ತಪ್ಪಾಯಿತು. ಪಿ.ಟಿ.ಎ.ಯ ಒಬ್ಬರು ಸಿಟ್ಟಿನಲ್ಲಿ ಆಟೋದವನಿಗೇ ಫೋನ್ ಮಾಡಿ ‘ನಾಳೆಯಿಂದ ಬರಬೇಡ’ ಅಂದರು. ಪೊಲೀಸರು ಹೋಗುವ ಮೊದಲೇ ಅವನಿಗೆ ವಿಷಯ ಗೊತ್ತಾಯಿತು, ಬೆಳಗ್ಗೆ ಆಟೋ ತೊಳೆದು ಟಾರ್ಪಲ್ ತೆಗೆದಾಗಿತ್ತು. ಇನ್ನೊಂದು, ಸ್ಟಾಫಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಮಗುವಿನ ಹೆಸರು ಹಾಕಿ ‘ಎಲ್ಲರೂ ಜಾಗ್ರತೆ’ ಅಂತ ಬರೆದರು. ಹತ್ತು ನಿಮಿಷದಲ್ಲಿ ಅಳಿಸಿದರು, ಅಷ್ಟರಲ್ಲಿ ಓದಬೇಕಾದವರೆಲ್ಲ ಓದಿಯಾಗಿತ್ತು. ಆ ಗ್ರೂಪಿನಲ್ಲಿ ಶಾಲೆ ಬಿಟ್ಟುಹೋದ ಇಬ್ಬರು ಹಳೆಯ ಟೀಚರುಗಳೂ ಇದ್ದರು. ಕೆಟ್ಟ ಉದ್ದೇಶ ಯಾರದ್ದೂ ಅಲ್ಲ, ಆದರೆ ಮಗುವಿನ ಅಮ್ಮನಿಗೆ ಮರುದಿನ ನಲ್ಲಿ ನೀರಿನ ಹತ್ತಿರ ಇದೇ ಮಾತು ಕೇಳಬೇಕಾಯಿತು.

ಸ್ಟೇಷನ್ನಿನಿಂದ ಮೊದಲು ಬಂದ ಫೋನ್ ‘ಮಗುವನ್ನು ಕರ್ಕೊಂಡು ಬನ್ನಿ’ ಅಂತ. 24ನೇ ಸೆಕ್ಷನ್ ಪ್ರಕಾರ ಹೇಳಿಕೆ ತೆಗೆಯುವುದು ಮಗುವಿನ ಮನೆಯಲ್ಲಿ, ಇಲ್ಲವೇ ಮಗು ಬಯಸಿದ ಜಾಗದಲ್ಲಿ, ಆದಷ್ಟು ಮಟ್ಟಿಗೆ ಎಸ್.ಐ. ದರ್ಜೆಗೆ ಕಡಿಮೆಯಿಲ್ಲದ ಮಹಿಳೆ, ಯೂನಿಫಾರ್ಮ್ ಹಾಕದೆ. ಹೆಡ್ಮಾಷ್ಟ್ರೇ ಫೋನ್ ಹಿಡಿದು, ಫೈಲ್ ಮುಂದಿಟ್ಟುಕೊಂಡು, ಒಂದೊಂದೇ ಸಾಲು ಓದಿ ಹೇಳಿದರು. ಅವರ ಮೇಲೆ ನನಗಿದ್ದ ಸಿಟ್ಟು ಆಗ ಇಳಿಯಿತು.

ಚೂಡಿದಾರ್ ಹಾಕಿದ ಮಹಿಳಾ ಎಸ್.ಐ. ಮನೆಗೆ ಬಂದರು. ಒಳ್ಳೆಯವರು, ಮೆತ್ತಗೆ ಮಾತಾಡಿದರು. ಮಲಯಾಳಂ ಬೆರೆತ ಕನ್ನಡದಲ್ಲಿ ಕೇಳಿದ ಪ್ರತಿ ಪ್ರಶ್ನೆಗೂ ಮಗು ತಲೆಯಾಡಿಸಿತು. ಹೌದಾ? ಹೌದು. ಅಲ್ವಾ? ಅಲ್ಲ. ಪಾಠ ಅರ್ಥವಾಗದ ಮಕ್ಕಳ ತಲೆಯಾಟ ನಾವು ಟೀಚರುಗಳು ದಿನಾ ನೋಡುತ್ತೇವೆ, ಇದು ಅದೇ. ನಾನು ಮೆಲ್ಲನೆ ಹೇಳಿದೆ, ‘ಮೇಡಂ, ಮಗುವಿಗೆ ಅರ್ಥ ಆಗ್ತಾ ಇಲ್ಲ.’ ಬರೆದುಕೊಳ್ಳುವ ಭಾಷೆ ಮಗುವಿಗೆ ತಿಳಿಯದಿದ್ದರೆ ಅನುವಾದಕರನ್ನು ಕೊಡಬೇಕು ಅಂತ 19ನೇ ಸೆಕ್ಷನ್ನಿನಲ್ಲೇ ಇದೆ. ಅಂಥವರ ಪಟ್ಟಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇಟ್ಟಿರಬೇಕು ಅಂತ 2020ರ ಪೋಕ್ಸೋ ನಿಯಮಗಳಲ್ಲೂ ಇದೆ. ಅವರು ಪುಸ್ತಕ ಮುಚ್ಚಿ, ‘ನಾಳೆ ಬರ್ತೇನೆ’ ಅಂದರು. ಮರುದಿನ ತುಳು ಬಲ್ಲ ಅನುವಾದಕಿಯ ಜೊತೆ ಬಂದರು. ಯಾರು ಪಕ್ಕ ಕೂರಬೇಕು ಅಂತ ಕೇಳಿದಾಗ ಮಗು ಅಮ್ಮನನ್ನೂ ಅಡುಗೆಯ ಅಕ್ಕನನ್ನೂ ತೋರಿಸಿತು. ನನ್ನನ್ನಲ್ಲ. ಬೇಸರವಾಗಲಿಲ್ಲ ಅಂತ ಹೇಳಲಾರೆ. ನಾನು ಅಂಗಳದಲ್ಲಿ ಕೊಡೆ ಹಿಡಿದು ನಿಂತಿದ್ದೆ. ಒಳಗಿನಿಂದ ಮಗುವಿನ ಸ್ವರ ಕೇಳಿಸಿತು, ಉದ್ದುದ್ದ ವಾಕ್ಯಗಳು, ಕ್ಲಾಸಿನಲ್ಲಿ ನಾನೆಂದೂ ಕೇಳಿರದಂಥವು. ತುಳುವಿನಲ್ಲಿ ಅವಳು ಅಷ್ಟು ಮಾತಾಡುತ್ತಾಳೆ ಅಂತ ಎರಡು ವರ್ಷದಿಂದ ನೋಡುತ್ತಿದ್ದ ನನಗೆ ಗೊತ್ತೇ ಇರಲಿಲ್ಲ.

ಮುಂದಿನದ್ದು ಬೇಗ ಹೇಳುತ್ತೇನೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿದರು. ಮಹಿಳಾ ಡಾಕ್ಟರ್ ಅಮ್ಮನ ಎದುರಲ್ಲೇ ನೋಡಿದರು. ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ ಆಯಿತು. ಕೇಸ್ ವಿಶೇಷ ಕೋರ್ಟಿನಲ್ಲಿದೆ, ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಹಾಗಿಲ್ಲ. ಹತ್ತಿರದ ಹೈಸ್ಕೂಲಿನ ಕೌನ್ಸಿಲರ್ ವಾರಕ್ಕೊಮ್ಮೆ ಬಂದು ಹೋದರು. ನಮ್ಮಂಥ ಸಣ್ಣ ಶಾಲೆಯಲ್ಲಿ ಕೌನ್ಸಿಲರ್ ಇಲ್ಲ. ಟಿ.ಸಿ. ತಗೊಂಡು ಹೋದದ್ದು ಒಂದು ಮಗು. ನಾಲ್ಕಲ್ಲ.

ಶಾಲೆಯಲ್ಲಿ ಈಗ ಏನು ಬದಲಾಗಿದೆ ಅಂತ ಕೇಳಿದರೆ, ಫೈಲ್ ಏನೂ ಇನ್ನಷ್ಟು ದಪ್ಪವಾಗಿಲ್ಲ. ಮಕ್ಕಳ ರಕ್ಷಣೆಯ ಮೀಟಿಂಗಿಗೆ ಅಡುಗೆಯ ಅಕ್ಕ, ಗುಡಿಸಲು ಬರುವವರು, ಪ್ಯೂನ್ ಎಲ್ಲರೂ ಕೂರುತ್ತಾರೆ. ಆಟೋಗಳ ನಂಬರ್, ಯಾವ ಮಗು ಯಾವುದರಲ್ಲಿ ಅಂತ ಒಂದು ಪುಸ್ತಕ ಇದೆ. ಡ್ರೈವರ್ ಪಕ್ಕ ಮಗುವನ್ನು ಕೂರಿಸಿದ ಆಟೋ ಗೇಟಿಗೆ ಬಂದರೆ ಅವತ್ತೇ ಮನೆಗೆ ತಿಳಿಸುತ್ತೇವೆ. 1098ರ ಪೋಸ್ಟರ್ ಪಕ್ಕ ಕನ್ನಡದಲ್ಲಿ, ತುಳುವಿನಲ್ಲಿ ಕೈಯಲ್ಲೇ ಬರೆದು ಅಂಟಿಸಿದ್ದೇವೆ. ಸುರಕ್ಷಿತ ಸ್ಪರ್ಶದ ಪಾಠ ಮಾಡುವಾಗ ‘ಖಾಸಗಿ ಅಂಗ’ ಅನ್ನುವ ಪುಸ್ತಕದ ಮಾತು ಬಿಟ್ಟು ಮನೆಯಲ್ಲಿ ಕರೆಯುವ ಹೆಸರನ್ನೇ ಹೇಳುತ್ತೇವೆ. ಮೊದಲ ದಿನ ಮಕ್ಕಳು ನಕ್ಕರು. ನಮಗೂ ನಗು ಬಂತು, ನಕ್ಕೆವು.

ನಾನಂತೂ ಈಗ ಯಾರೇ ‘ಉಪದ್ರ’ ಅಂದರೂ ಚಾಕ್ ಕೆಳಗಿಟ್ಟು ತಿರುಗುತ್ತೇನೆ. ‘ಎಂಚಿನ ಉಪದ್ರ?’ ಹತ್ತರಲ್ಲಿ ಒಂಬತ್ತು ಸಲ ಪೆನ್ಸಿಲ್ ತೆಗೆದದ್ದು, ಕಾಲು ತುಳಿದದ್ದು, ‘ಇವ ನನ್ನ ರಬ್ಬರ್ ಕಚ್ಚಿದ ಟೀಚರ್’. ಅರ್ಧ ಪೀರಿಯಡ್ ಅದರಲ್ಲೇ ಹೋಗುತ್ತದೆ, ಗಣಿತದ ಪಾಠ ಪಕ್ಕದ ಕ್ಲಾಸಿಗಿಂತ ಒಂದು ವಾರ ಹಿಂದಿದೆ. ಮೊನ್ನೆ ಹೆಡ್ಮಾಷ್ಟ್ರು ಟೀಚಿಂಗ್ ನೋಟ್ ನೋಡಿ ಇದನ್ನು ಕೇಳಿದರು. ‘ಉಪದ್ರ ಜಾಸ್ತಿ ಮಾಷ್ಟ್ರೇ’ ಅಂದೆ. ಅವರು ಏನೂ ಹೇಳದೆ ಸಹಿ ಹಾಕಿ ಕೊಟ್ಟರು.